ಮಗನ ಹೆಸರಿನ ಡಬ್ಬಿ

ದೊಡ್ಡತಾಯಮ್ಮನ ಮುಂದೆ ಹಾಲು ಸುರಿಯುವಾಗ ಊರಿನ ಎಂಥ ಪ್ರಾಮಾಣಿಕನಿಗೂ ಎದೆಯಲ್ಲೊಂದು ಸಣ್ಣ ಅಳುಕು ಏಳುತ್ತಿತ್ತು. ಸಂತೆಬಾಚಹಳ್ಳಿಯಿಂದ ಮೂರು ಮೈಲಿ ಒಳಗಿರುವ ಆ ಊರಿನ ಹಾಲಿನ ಡೈರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಹಾಲು ಪರೀಕ್ಷಿಸುವ ಕೆಲಸ ಆಕೆಯದು. ಎರಡು ವರ್ಷದ ಹಿಂದೆ ಡೈರಿಗೆ ಮಿಷನ್ನು ಬಂತು. ಒಂದು ಗುಟುಕು ಹಾಲು ಹೀರಿ ಫ್ಯಾಟೆಷ್ಟು, ನೀರೆಷ್ಟು ಎಂದು ಕೆಂಪು ಅಂಕಿಯಲ್ಲಿ ತೋರಿಸಿಬಿಡುತ್ತದೆ. ದೊಡ್ಡತಾಯಮ್ಮನಿಗೆ ಆ ಮಿಷನ್ನಿನ ಮೇಲೂ ನಂಬಿಕೆಯಿಲ್ಲ. ಡೈರಿ ಸೆಕ್ರೆಟರಿ ಲೋಕೇಶ್ ಅತ್ತ ತಿರುಗಿದ ತಕ್ಷಣ ಹಳೆಯ ಲ್ಯಾಕ್ಟೋಮೀಟರನ್ನು ಹಾಲಿಗೆ ಇಳಿಬಿಟ್ಟು, ಕಣ್ಣು ಕಿರಿದು ಮಾಡಿ ಗೆರೆ ನೋಡಿ, ಆಮೇಲೆಯೇ ಕ್ಯಾನಿಗೆ ಹುಯ್ಯಿಸುತ್ತಿದ್ದಳು.

"ಬೆಳ್ಳಗಿರೋದೆಲ್ಲ ಆಲಲ್ಲ ಕಣಪ್ಪ," ಎನ್ನುವುದು ಆಕೆ ದಿನಕ್ಕೆ ಹತ್ತು ಸಲವಾದರೂ ಹೇಳುವ ಮಾತು.

ಒಮ್ಮೆ ಮೂಲೆಮನೆ ಚಲುವಮ್ಮ ಸೆರಗಿನ ಮರೆಯಲ್ಲಿ ಒಂದು ಚೊಂಬು ಗಟ್ಟಿ ಹಾಲು ತರುತ್ತಿದ್ದಳು. ಪರೀಕ್ಷೆಗೆ ಕೊಡುವ ಸ್ಯಾಂಪಲ್ಲು ಆ ಚೊಂಬಿನದು, ಕ್ಯಾನಿಗೆ ಸುರಿಯುವುದು ಕೊಳವೆಬಾವಿ ನೀರು ಬೆರೆತ ಹಾಲು. ಎಂಟು ದಿನ ಸುಮ್ಮನಿದ್ದ ದೊಡ್ಡತಾಯಮ್ಮ ಒಂಬತ್ತನೆಯ ದಿನ ಸಾಲಿನಲ್ಲಿ ನಿಂತವರೆಲ್ಲರ ಎದುರಿಗೆ ಸೆರಗು ಸರಿಸಿ ಚೊಂಬು ಹೊರಗೆಳೆದಳು. ಚಲುವಮ್ಮ ಅತ್ತಳು, ಕಾಲು ಹಿಡಿದಳು, ಮಗಳ ಬಾಣಂತನ ಅಂದಳು. ದೊಡ್ಡತಾಯಮ್ಮ ಕರಗಲಿಲ್ಲ. ಸ್ಯಾಂಪಲ್ಲಿನಲ್ಲಿ ಮೋಸ ಮಾಡುವವರು ಹೆತ್ತ ತಾಯಿಗೂ ಮೋಸ ಮಾಡುತ್ತಾರೆ ಎಂದುಬಿಟ್ಟಳು. ಆ ಮಾತಿನ ಬೆಲೆ ಏನೆಂದು ಆಕೆಗೆ ಆಗ ಗೊತ್ತಿರಲಿಲ್ಲ.

ಡೈರಿಯ ಅನುಮಾನ ಡೈರಿಯಲ್ಲೇ ಉಳಿದಿದ್ದರೆ ಊರು ಬದುಕಿಕೊಳ್ಳುತ್ತಿತ್ತು. ಆಕೆ ಗ್ಯಾಸ್ ಸಿಲಿಂಡರನ್ನು ತೂಗಿಸಿಯೇ ಒಳಗೆ ಬಿಟ್ಟುಕೊಳ್ಳುವುದು. ಬಸ್ಸಿನಲ್ಲಿ ಟಿಕೆಟ್ಟು ಕೊಟ್ಟರೆ ತಿರುಗಿಸಿ ಮುರುಗಿಸಿ ನೋಡುವುದು. ನಾಗಮಂಗಲದಿಂದ ಬಂದ ಸೊಸೆ ಪವಿತ್ರ ಫೋನು ಹಿಡಿದು ಹಿತ್ತಲಿಗೆ ಹೋದರೆ ತಾನೂ ಸಗಣಿ ಬುಟ್ಟಿ ಹಿಡಿದು ಹಿತ್ತಲಿಗೆ ಹೋಗುವುದು. ಪವಿತ್ರ ತವರಿನ ತಾಯಿಯ ಹತ್ತಿರ ಅಡುಗೆ ಏನೆಂದು ಮಾತಾಡುತ್ತಿರುತ್ತಾಳೆ. ಅದೂ ಆಕೆಗೆ ಯಾವುದೋ ಗುಟ್ಟಿನ ಹಾಗೆಯೇ ಕೇಳುತ್ತದೆ.

ಇಷ್ಟೆಲ್ಲ ಅನುಮಾನದ ಹೆಂಗಸು ಒಂದನ್ನು ಮಾತ್ರ ಯಾವತ್ತೂ ಅನುಮಾನಿಸಿದವಳಲ್ಲ, ಅದು ತನ್ನ ಮೈ. ಯುಗಾದಿಯಿಂದ ಆಕೆಗೆ ಕೆಮ್ಮು. ಮೊದಮೊದಲು ಬೆಳಗ್ಗೆ ಮಾತ್ರ ಇತ್ತು, ಆಮೇಲೆ ಹೊತ್ತಿಲ್ಲ ಗೊತ್ತಿಲ್ಲ. ಹಸುವಿಗೆ ಹಾಕುವ ಹೊಟ್ಟಿನ ಧೂಳು ಎಂದಳು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ಬಿಸಿಲಲ್ಲಿ ಓಡಾಡಿದ್ದಕ್ಕೆ ಎಂದಳು. ರವಿಕೆ ಸಡಿಲವಾಯಿತು, ದರ್ಜಿಯವನು ಅಳತೆ ಕೆಡಿಸಿದ್ದಾನೆ ಎಂದು ಅವನ ಮೇಲೆ ರೇಗಿದಳು. ಆಕೆಯ ಗಂಡ ಚಿಕ್ಕಸ್ವಾಮಿ ಹನ್ನೊಂದು ವರ್ಷದ ಹಿಂದೆ ಕೆಮ್ಮಿ ಕೆಮ್ಮಿಯೇ ಸತ್ತಿದ್ದ. ಗೂರಲು ಎಂದು ಊರವರು ಹೇಳಿದರು, ಕಷಾಯ ಕುಡಿಸಿದರು. ಎರಡು ವರ್ಷ ಅವನ ತಲೆದೆಸೆಯಲ್ಲಿ ಕೂತು ಉಗುಳುವ ತಟ್ಟೆ ಹಿಡಿದವಳು ದೊಡ್ಡತಾಯಮ್ಮನೇ. ಶ್ರೀರಂಗಪಟ್ಟಣದ ಹೊಳೆಯಲ್ಲಿ ಅವನ ಬೂದಿ ಬಿಟ್ಟು ಬಂದ ಮೇಲೆ ಆ ವಿಚಾರ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದಳು.

ಅವರಿಗಿದ್ದವನು ಒಬ್ಬನೇ ಮಗ, ಶಿವಶಂಕರ್. ಸೈನ್ಯದಲ್ಲಿ ನಾಯಕ್ ಆಗಿದ್ದ. ಹನ್ನೆರಡು ವರ್ಷದ ಸರ್ವೀಸಿಗೆ ಈಗ ಹವಾಲ್ದಾರ್ ಬಡ್ತಿಯ ಕೋರ್ಸಿಗೆ ಹೆಸರು ಬಂದಿತ್ತು. ರಜ ಮುಗಿಸಿ ಹೋದ ತಕ್ಷಣ ಕೋರ್ಸು. ಇದು ತಪ್ಪಿದರೆ ಮತ್ತೆ ಯಾವಾಗಲೋ, ವಯಸ್ಸು ಕೇಳುವ ನೌಕರಿ ಅದು. ಒಂದೂವರೆ ತಿಂಗಳ ರಜಕ್ಕೆ ಮನೆಗೆ ಬಂದವನು ನಾಲ್ಕು ವರ್ಷದ ಮಗಳು ಕೀರ್ತನಳನ್ನು ಹೆಗಲಿಂದ ಇಳಿಸದೆ ಊರೆಲ್ಲ ಸುತ್ತುತ್ತಿದ್ದ.

ಬಂದ ರಾತ್ರಿಯೇ ಅವನು ಎರಡು ಸಲ ಕೆಮ್ಮಿದ್ದು ದೊಡ್ಡತಾಯಮ್ಮನ ಕಿವಿಗೆ ಬಿತ್ತು. ಮೂರು ದಿನ ರೈಲಿನಲ್ಲಿ ಕಿಟಕಿ ಪಕ್ಕ ಕೂತು ಬಂದವನಿಗೆ ಗಂಟಲು ಕಟ್ಟದೆ ಇರುತ್ತದೆಯೇ? ಆದರೂ ಆಕೆ ಎಣಿಸಿಟ್ಟುಕೊಂಡಳು.

ನಾಲ್ಕನೆಯ ದಿನ ರೆಜಿಮೆಂಟಿನಿಂದ ಫೋನು ಬಂತು. ಹಿಂದಿ ಮಾತು. ದೊಡ್ಡತಾಯಮ್ಮನಿಗೆ ಅರ್ಥವಾದದ್ದು ಟಿಬಿ ಎನ್ನುವ ಒಂದೇ ಪದ. ಅಷ್ಟು ಸಾಕಾಯಿತು.

"ಏನ್ಲಾ ಅದು?" ಎಂದಳು.

"ಏನಿಲ್ಲ ಕಣವ್ವ. ಬ್ಯಾರಕ್ಕಲ್ಲಿ ನನ್ನ ಪಕ್ಕದ ಮಂಚದವನಿಗೆ ಟಿಬಿ ಅಂತೆ. ಜೊತೇಲಿದ್ದೋರೆಲ್ಲ ಟೆಸ್ಟ್ ಮಾಡಿಸ್ಬೇಕು. ರಜದ ಮೇಲಿರೋರು ಊರತ್ರನೇ ಮಾಡ್ಸಿ, ಮನೆಯೋರ್ಗೂ ಮಾಡ್ಸಿ ಅಂದ್ರು. ಕೆ.ಆರ್. ಪೇಟೇಲಿ ಕ್ಯಾಂಪ್ ಅದಂತೆ."

"ಟಿಬಿ ಅಂತ ಬಂದ್ರೆ ಏನ್ ಮಾಡ್ತಾರೆ?"

"ಔಸ್ದಿ ಕೊಡ್ತಾರೆ. ವಾಸಿಯಾಗೋವರ್ಗೂ ಕಷ್ಟದ ಕೆಲ್ಸಕ್ಕೆ ಹಾಕಲ್ಲ. ಕೋರ್ಸಿಗೂ ಕಳ್ಸಲ್ಲ," ಎಂದು ಶಿವಶಂಕರ್ ಸಲೀಸಾಗಿ ಹೇಳಿಬಿಟ್ಟ.

ಕೊನೆಯ ಮಾತೊಂದೇ ಆಕೆಯ ಕಿವಿಯಲ್ಲಿ ಉಳಿಯಿತು. ಹೊಸಹೊಳಲಿನ ಕಡೆಯ ಒಬ್ಬನನ್ನು ಸೈನ್ಯದಿಂದ ಏನೋ ಟೆಸ್ಟು ಮಾಡಿ ಮನೆಗೆ ಕಳಿಸಿದರಂತೆ ಎಂದು ಡೈರಿಯಲ್ಲಿ ಯಾರೋ ಹೇಳಿದ್ದು ನೆನಪಾಯಿತು. ಅವನನ್ನು ಕಳಿಸಿದ್ದು ಕುಡಿತಕ್ಕೆ. ಆದರೆ ದೊಡ್ಡತಾಯಮ್ಮ ಕೇಳಿಸಿಕೊಂಡದ್ದು ಅರ್ಧ, ನಂಬಿದ್ದು ಪೂರ್ತಿ.

ಕೆ.ಆರ್. ಪೇಟೆಯ ಒಂದು ಕಲ್ಯಾಣಮಂಟಪದಲ್ಲಿ ಕ್ಯಾಂಪು. ಸೈನಿಕರು, ನಿವೃತ್ತ ಸೈನಿಕರು, ಅವರ ಹೆಂಡತಿ ಮಕ್ಕಳು, ಅಪ್ಪ ಅಮ್ಮ ಎಲ್ಲರಿಗೂ ಟಿಬಿ ಮತ್ತು ಎಚ್ಐವಿ ಪರೀಕ್ಷೆ, ಔಷಧಿ ಉಚಿತ ಎಂದು ಬಾಗಿಲಲ್ಲಿ ಬ್ಯಾನರು ಕಟ್ಟಿದ್ದರು. ಉಚಿತ ಎನ್ನುವ ಪದ ಕಂಡ ಕೂಡಲೇ ದೊಡ್ಡತಾಯಮ್ಮನ ಹುಬ್ಬು ಗಂಟಿಕ್ಕಿತು.

"ಮೊದ್ಲು ಇದಕ್ಕೆಲ್ಲ ಬೆಂಗಳೂರಿಗೇ ಹೋಗ್ಬೇಕಿತ್ತಮ್ಮ. ಸೈನಿಕರು ಹೇಗೋ ಹೋಗ್ತಿದ್ರು, ಮನೆಯವ್ರು ಉಳಿದೇಹೋಗ್ತಿದ್ರು. ಈಗ ನಾವೇ ಬರ್ತಿದ್ದೀವಿ. ಶ್ರೀರಂಗಪಟ್ಟಣ, ಪಾಂಡವಪುರ ಮುಗೀತು, ಮುಂದಿನ ವಾರ ನಾಗಮಂಗಲ," ಎಂದು ಹೇಳಿದವಳು ಅಲ್ಲಿನ ಆಪ್ತ ಸಮಾಲೋಚಕಿ ಸಹನ. ಜನರನ್ನು ಕೂರಿಸಿಕೊಂಡು ಕಾಯಿಲೆಯ ವಿಚಾರ ತಿಳಿಸಿ ಹೇಳುವುದು ಅವಳ ಕೆಲಸ. ಸಣ್ಣ ವಯಸ್ಸು, ತಾಳ್ಮೆ ಮಾತ್ರ ದೊಡ್ಡದು.

"ಅಷ್ಟ್ ದೂರ ಉಡುಕ್ಕೊಂಡ್ ಬಂದು ಪುಕ್ಕಟೆ ಕೊಡಕ್ಕೆ ನಿಮ್ಗೇನವ್ವ ಲಾಭ?" ಎಂದು ದೊಡ್ಡತಾಯಮ್ಮ ಕೇಳಿಯೇಬಿಟ್ಟಳು.

ಸಹನ ನಕ್ಕಳು. "ಒಬ್ಬರಿಗಿದ್ರೆ ಮನೆಗೆಲ್ಲ ಹರಡತ್ತೆ. ಮನೇಲಿದ್ರೆ ರಜಕ್ಕೆ ಬಂದ ಸೈನಿಕನಿಗೆ ಹರಡತ್ತೆ, ಅವನಿಂದ ಬ್ಯಾರಕ್ಕಿಗೆ. ಒಂದು ಕಡೆ ಔಷಧಿ ಕೊಟ್ರೆ ಸಾಲಲ್ಲ, ಅದಕ್ಕೆ."

ಶಿವಶಂಕರ್, ಪವಿತ್ರ ಎಕ್ಸ್‌ರೇ ತೆಗೆಸಿಕೊಂಡರು. ದೊಡ್ಡತಾಯಮ್ಮ ಸಂಜೆ ಹಾಲಿನ ಹೊತ್ತಾಯಿತು ಎಂದು ಆ ಕೋಣೆಯ ಬಾಗಿಲಿಗೂ ಹೋಗಲಿಲ್ಲ. ಆದರೆ ಆಕೆಯ ಕೆಮ್ಮು ಸಹನಳಿಗೆ ಕೇಳಿಸಿತ್ತು. ಮುಚ್ಚಳವಿರುವ ಎರಡು ಪ್ಲಾಸ್ಟಿಕ್ ಡಬ್ಬಿ ಕೊಟ್ಟಳು. ಒಂದರ ಮೇಲೆ ಶಿವಶಂಕರ್ ಎಂದು ಬರೆದ ಚೀಟಿ, ಇನ್ನೊಂದರ ಮೇಲೆ ದೊಡ್ಡತಾಯಮ್ಮ. ಬೆಳಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ ಎದೆಯಾಳದಿಂದ ಕೆಮ್ಮಿ ಕಫ ಹಾಕಿ, ಮುಚ್ಚಿ ತಂದುಕೊಡಬೇಕು.

ಬಸ್ಸಿನಲ್ಲಿ ಬರುವಾಗ ದೊಡ್ಡತಾಯಮ್ಮ ಮಗನ ಕೆಮ್ಮನ್ನೇ ಕೇಳುತ್ತ ಕೂತಿದ್ದಳು. ಅವನಿಗೆ ಅಂಟಿದೆ ಎಂದು ಆಕೆಗೆ ಖಾತ್ರಿಯಾಗಿಹೋಗಿತ್ತು. ಪಕ್ಕದ ಮಂಚದವನಿಗೆ ಇದ್ದದ್ದು ಇವನನ್ನು ಬಿಟ್ಟೀತೆ? ಕಫ ಕೊಟ್ಟರೆ ಸಿಕ್ಕಿಬೀಳುತ್ತಾನೆ, ಕೋರ್ಸು ಹೋಗುತ್ತದೆ. ಬೇಕಾದರೆ ಆಮೇಲೆ ಗುಟ್ಟಾಗಿ ಯಾವುದಾದರೂ ಡಾಕ್ಟರ ಹತ್ತಿರ ತೋರಿಸಿದರಾಯಿತು. ಈಗ ಬೇಕಿರುವುದು ಒಂದು ಒಳ್ಳೆಯ ಸ್ಯಾಂಪಲ್ಲು. ಮನೆಯಲ್ಲಿ ಯಾರ ಕಫ ಒಳ್ಳೆಯದು? ಐವತ್ತೆಂಟು ವರ್ಷದಲ್ಲಿ ಒಂದು ಇಂಜೆಕ್ಷನ್ನೂ ಚುಚ್ಚಿಸಿಕೊಳ್ಳದ ದೊಡ್ಡತಾಯಮ್ಮನದೇ. ಆಕೆಯ ಕೆಮ್ಮಾದರೋ ಬರೀ ಹೊಟ್ಟಿನ ಧೂಳು. ಮಗನ ರೋಗ ತನ್ನ ಹೆಸರಿಗೆ ಬಂದರೆ ಬರಲಿ.

ಬೆಳಗ್ಗೆ ಇಬ್ಬರೂ ಕಫ ಕೊಟ್ಟು ಡಬ್ಬಿಗಳನ್ನು ಕಿಟಕಿಯಲ್ಲಿಟ್ಟರು. ಶಿವಶಂಕರ್ ಸ್ನಾನಕ್ಕೆ ಹೋದ. ಪವಿತ್ರ ಒಲೆಯ ಮುಂದಿದ್ದಳು. ಚೀಟಿಗಳ ಅಂಟು ಇನ್ನೂ ಗಟ್ಟಿಯಾಗಿ ಹಿಡಿದಿರಲಿಲ್ಲ. ಉಗುರಿನಿಂದ ಎಬ್ಬಿಸಿದರೆ ಹರಿಯದೆ ಎದ್ದುಬಂದವು. ಇದನ್ನು ಅದಕ್ಕೆ, ಅದನ್ನು ಇದಕ್ಕೆ. ಅಷ್ಟೇ ಕೆಲಸ. ಚಲುವಮ್ಮನ ಚೊಂಬನ್ನು ಹೊರಗೆಳೆದ ಅದೇ ಕೈ. ತಾನು ಕಳ್ಳ, ಪರರ ನಂಬ ಎನ್ನುತ್ತಾರೆ. ದೊಡ್ಡತಾಯಮ್ಮ ಮೊದಲು ಪರರನ್ನು ನಂಬದೆ, ಆಮೇಲೆ ಕಳ್ಳಿಯಾದವಳು.

ಮೂರನೆಯ ದಿನಕ್ಕೆ ಸಹನಳ ಫೋನು ಬಂತು. ಮೂವರೂ ಮಗುವನ್ನು ಕರೆದುಕೊಂಡು ಬನ್ನಿ ಎಂದಳು. ಹೋದರೆ, ಲೇಡಿ ಡಾಕ್ಟರು ಶಿವಶಂಕರನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಮೂರು ಸಲ ನೋಡಿದರು.

"ಎದೆ ಸ್ವಚ್ಛವಾಗಿದೆ. ಆದ್ರೆ ಕಫದಲ್ಲಿ ಟಿಬಿ ಇದೆ, ಜಾಸ್ತಿನೇ ಇದೆ. ಹೀಗಾಗೋದು ಕಮ್ಮಿ," ಎಂದರು. "ರಜ ಮುಗ್ಸಿ ಹೋದಾಗ ಮಿಲಿಟರಿ ಆಸ್ಪತ್ರೇಲಿ ಮತ್ತೆ ನೋಡ್ತಾರೆ. ಅಲ್ಲಿವರೆಗೆ ಕಾಯೋದು ಬೇಡ, ಮಾತ್ರೆ ಶುರು ಮಾಡೋಣ. ಪವಿತ್ರಂದೂ ಎಕ್ಸ್‌ರೇ ಚೆನ್ನಾಗಿದೆ. ಅಮ್ಮನ ಕಫದಲ್ಲಿ ಏನೂ ಇಲ್ಲ. ಕೆಮ್ಮು ನಿಲ್ಲದಿದ್ರೆ ಅವರೂ ಎಕ್ಸ್‌ರೇ ತೆಗೆಸ್ಬೇಕು."

ದೊಡ್ಡತಾಯಮ್ಮನಿಗೆ ಬಂದ ಮೊದಲ ಯೋಚನೆ ತನಗೆ ಕಾಯಿಲೆ ಎಂದಲ್ಲ, ಇವರು ಸುಳ್ಳು ಹೇಳುತ್ತಿದ್ದಾರೆ ಎಂದು. ಮಿಷನ್ನು ಕೆಟ್ಟಿದೆ. ಇಲ್ಲವೇ ಆ ಹುಡುಗಿ ಬೇರೆ ಯಾರದೋ ಡಬ್ಬಿಗೆ ಮಗನ ಹೆಸರು ಅಂಟಿಸಿದ್ದಾಳೆ! ಹೀಗೆಂದುಕೊಂಡು ಸಹನಳನ್ನು ದುರುಗುಟ್ಟಿ ನೋಡಿದ್ದನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಸಹನ ಮುಂದಿನದನ್ನು ನಿಧಾನವಾಗಿ ಹೇಳಿದಳು. ಟಿಬಿ ಇದ್ದವರಿಗೆಲ್ಲ ಎಚ್ಐವಿ ಪರೀಕ್ಷೆಯನ್ನೂ ಮಾಡುತ್ತಾರೆ, ಒಂದಿದ್ದರೆ ಇನ್ನೊಂದು ಬೇಗ ಹತ್ತುತ್ತದೆ, ಎರಡಕ್ಕೂ ಚಿಕಿತ್ಸೆ ಇದೆ. ಯಾರನ್ನೂ ಅನುಮಾನಿಸಿ ಮಾಡುವುದಲ್ಲ, ಒಪ್ಪಿದರೆ ಮಾತ್ರ ರಕ್ತ ತೆಗೆಯುವುದು. ಗಂಡ ಹೆಂಡತಿ ಇಬ್ಬರೂ ಒಪ್ಪಿದರು. ಫಲಿತಾಂಶವನ್ನು ಒಬ್ಬೊಬ್ಬರನ್ನೇ ಒಳಗೆ ಕರೆದು, ಬಾಗಿಲು ಮುಚ್ಚಿ ಹೇಳಿದಳು.

ಆ ಮುಚ್ಚಿದ ಬಾಗಿಲೇ ಪವಿತ್ರಳ ಮನಸ್ಸಿಗೆ ಹುಳಿ ಹಿಂಡಿತು. ತನಗೆ ಏನೂ ಇಲ್ಲ ಎಂದು ಗೊತ್ತಾಯಿತು. ಗಂಡನದು?

"ಅವರ ರಿಪೋರ್ಟು ಅವರೇ ಹೇಳ್ಬೇಕು ಪವಿತ್ರ, ನಾನು ಹೇಳೋ ಹಾಗಿಲ್ಲ. ಎಲ್ಲರಿಗೂ ಇದೇ ನಿಯಮ," ಎಂದಳು ಸಹನ.

ಮನೆಗೆ ಬಂದ ಮೇಲೆ ಹಿತ್ತಲಲ್ಲಿ ಗಂಡ ಹೆಂಡತಿಯ ಮಾತು ದೊಡ್ಡತಾಯಮ್ಮನಿಗೆ ಕೇಳಿಸಿತು. ಈ ಸಲ ಸಗಣಿ ಬುಟ್ಟಿ ಬೇಕಾಗಲಿಲ್ಲ, ಅಷ್ಟು ಜೋರಾಗಿತ್ತು.

"ಇಲ್ಲ ಅಂದ್ನಲ್ಲ, ಏನೂ ಇಲ್ಲ," ಎಂದ ಶಿವಶಂಕರ್.

"ಹಂಗಾದ್ರೆ ಪೇಪರ್ ತೋರಿಸಿ."

"ಹನ್ನೆರಡು ವರ್ಷ ಮನೆ ಬಿಟ್ಟು ದೂರ ಇದ್ದೀನಿ. ಆರು ವರ್ಷ ಆಯ್ತು ನಿನ್ನ ಕೈ ಹಿಡಿದು. ಪೇಪರ್ ತೋರ್ಸಿದ್ರೇನೇ ನಂಬೋದಾ ನೀನು?"

"ಎದೇಲಿ ಇಲ್ದೇ ಇರೋ ರೋಗ ಕಫದಲ್ಲಿ ಹೆಂಗ್ ಬಂತು? ಡಾಕ್ಟ್ರೇ ಅನುಮಾನ ಪಟ್ರು. ನಾನು ಪಡ್ಬಾರ್ದಾ?"

ಶಿವಶಂಕರ್ ತನ್ನ ಹಾಸಿಗೆ ಸುತ್ತಿಕೊಂಡ. ಹಿತ್ತಲ ಕಡೆಯ ಉಗ್ರಾಣದ ಕೋಣೆಯಲ್ಲಿ ಮಂಚ ಹಾಕಿಕೊಂಡ. ಕಿಟಕಿ ತೆರೆದಿರಲಿ, ಎರಡು ಮೂರು ವಾರ ಬೇರೆ ಮಲಗಲಿ, ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ ಎಂದು ಸಹನ ಹೇಳಿ ಕಳಿಸಿದ್ದಳು. ಪವಿತ್ರ ತಟ್ಟೆಯನ್ನೂ ಬೇರೆ ಮಾಡಿದಳು. ಮುದ್ದೆ ಸಾರು ಬಡಿಸಿದ ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಬಾಗಿಲು ತಟ್ಟಿ ಬಂದುಬಿಡುತ್ತಿದ್ದಳು. ಕೋರ್ಸಿನ ಪಟ್ಟಿಯಿಂದ ಅವನ ಹೆಸರು ತೆಗೆದ ಸುದ್ದಿ ಫೋನಿನಲ್ಲಿ ಬಂದಾಗಲೂ ಅವಳು ಒಳಗೆ ಹೋಗಲಿಲ್ಲ.

ದೊಡ್ಡತಾಯಮ್ಮ ಇದನ್ನೆಲ್ಲ ನೋಡುತ್ತಿದ್ದಳು. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಹೇಳಿದರೆ ಸ್ಯಾಂಪಲ್ಲಿನಲ್ಲಿ ಮೋಸ ಮಾಡಿದವಳು ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಚಲುವಮ್ಮ ಡೈರಿಯ ಮುಂದೆ ನಿಂತು ನಗುತ್ತಾಳೆ. ಅಲ್ಲದೆ ಮಿಷನ್ನೇ ಸುಳ್ಳು ಎನ್ನುವುದನ್ನು ಆಕೆ ಇನ್ನೂ ಬಿಟ್ಟಿರಲಿಲ್ಲ. ಮಗ ದಿನಾ ಬೆಳಗ್ಗೆ ಮಾತ್ರೆ ನುಂಗುವುದನ್ನು ಬಾಗಿಲ ಸಂದಿಯಿಂದ ನೋಡುತ್ತಿದ್ದಳು, ತನ್ನ ಉಚ್ಚೆ ಕೇಸರಿ ಬಣ್ಣಕ್ಕೆ ತಿರುಗಿದೆ ಎಂದು ಅವನು ಹೇಳಿದ್ದನ್ನೂ ಕೇಳಿಸಿಕೊಂಡಳು. ಮಾತ್ರೆಯ ಬಣ್ಣ ಅದು, ಹೆದರಬೇಡಿ ಎಂದು ಸಹನ ಮೊದಲೇ ಹೇಳಿದ್ದಳು. ಆಕೆ ಅದನ್ನೂ ನಂಬಲಿಲ್ಲ.

ಇನ್ನು ಮಗುವಿನ ವಿಚಾರ. ಕೀರ್ತನಳನ್ನು ಪರೀಕ್ಷಿಸಿದ ಡಾಕ್ಟರು ಸದ್ಯಕ್ಕೆ ಏನೂ ಇಲ್ಲ ಎಂದು ಹೇಳಿ, ರೋಗ ಬಾರದ ಹಾಗೆ ತಡೆಯುವ ಮಾತ್ರೆ ಬರೆದುಕೊಟ್ಟಿದ್ದರು. ಅಪ್ಪನ ಪಕ್ಕದಲ್ಲಿ ಮಲಗಿದರೇ ನಿದ್ದೆ ಎನ್ನುತ್ತಿದ್ದ ಮಗು ಅದು. ಈಗ ಅದನ್ನು ಎಲ್ಲಿ ಮಲಗಿಸುವುದು? ಪವಿತ್ರಳಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ, ಅಳು.

"ಅಜ್ಜಿಯ ಟೆಸ್ಟು ಚೆನ್ನಾಗಿದೆಯಲ್ಲ, ಕೆಲವು ದಿನ ಅಜ್ಜಿ ಹತ್ರ ಮಲಗ್ಲಿ," ಎಂದರು ಎಲ್ಲರೂ.

ದೊಡ್ಡತಾಯಮ್ಮ ಹಿಗ್ಗಿದಳು. ಮೊಮ್ಮಗಳು ಸೆರಗಿನೊಳಗೆ ಮುಖ ಹುದುಗಿಸಿ, ಆಕೆಯ ಕುತ್ತಿಗೆಗೆ ಕೈ ಸುತ್ತಿ ಮಲಗುತ್ತಿತ್ತು. ಮಾತ್ರೆ ಕೊಡುವ ಕೆಲಸವನ್ನೂ ತಾನೇ ವಹಿಸಿಕೊಂಡಳು. ಬೆಲ್ಲದ ಚೂರು ಮಾತ್ರ ಮಗುವಿನ ಬಾಯಿಗೆ, ಮಾತ್ರೆ ಒಲೆಯ ಬೂದಿಗೆ. ಮಗನಿಗೆ ರೋಗವಿದ್ದರೆ ತಾನೆ ಮಗುವಿಗೆ ಔಷಧಿ? ಕಫ ಅವನದಲ್ಲವಲ್ಲ. ಇಲ್ಲದ ರೋಗಕ್ಕೆ ಎಳೆ ಮಗುವಿಗೆ ಯಾಕೆ ವಿಷ ತಿನ್ನಿಸಬೇಕು? ಆಕೆಯ ಲೆಕ್ಕ ಎಲ್ಲ ಕಡೆಯಿಂದಲೂ ಸರಿಯಾಗಿತ್ತು. ಅದರಲ್ಲಿ ತಾನೊಬ್ಬಳನ್ನು ಮಾತ್ರ ಎಣಿಸಿರಲಿಲ್ಲ.

ಮಗು ಅಜ್ಜಿಯ ಪಕ್ಕ ಮಲಗತೊಡಗಿದ ಹದಿನೆಂಟನೆಯ ದಿನ ಬೆಳಗ್ಗೆ, ಇನ್ನೂ ಹಾಲಿಗೆ ಹೋಗುವ ಮುಂಚೆ, ಕೀರ್ತನ ಕೆಮ್ಮಿತು. ಒಣ ಕೆಮ್ಮು, ಎರಡೇ ಸಲ. ದೊಡ್ಡತಾಯಮ್ಮ ಕಂಬಳಿ ಸರಿಯಾಗಿ ಹೊದಿಸಿ, ಥಂಡಿ ಎಂದುಕೊಂಡಳು. ಮಾರನೆಯ ದಿನವೂ ಕೆಮ್ಮಿತು. ತುಳಸಿ ರಸ ಹಿಂಡಿ ನೆಕ್ಕಿಸಿದಳು. ಪವಿತ್ರಳಿಗೆ ಹೇಳಲಿಲ್ಲ.

ಮೂರನೆಯ ದಿನ ಸಂಜೆ ಡೈರಿಯಲ್ಲಿ ಕ್ಯಾನಿನ ಮುಚ್ಚಳ ಎತ್ತುವಾಗ ಆಕೆಗೇ ಕೆಮ್ಮು ಬಂತು. ತಡೆಯದ ಕೆಮ್ಮು. ಹಾಲಿಗೆ ಬೀಳದಿರಲೆಂದು ಹೊರಗೆ ಓಡಿ ಗೋಡೆ ಹಿಡಿದು ಸೆರಗು ಬಾಯಿಗಿಟ್ಟುಕೊಂಡಳು. ಬಿಡಿಸಿ ನೋಡಿದರೆ ಕಫದೊಳಗೆ ರಕ್ತ. ಎಲೆಯಡಿಕೆಯ ಕೆಂಪಲ್ಲ. ಆಕೆ ಎಲೆಯಡಿಕೆ ಹಾಕುವುದಿಲ್ಲ. ಚಿಕ್ಕಸ್ವಾಮಿಯ ತಟ್ಟೆಯಲ್ಲಿ ಎರಡು ವರ್ಷ ನೋಡಿದ ಅದೇ ರಕ್ತ.

"ದೊಡ್ಡತಾಯಕ್ಕ, ಏನಾಯ್ತು?" ಎಂದು ಲೋಕೇಶ್ ಒಳಗಿಂದ ಕೂಗಿದ.

"ಏನಿಲ್ಲ ಬುಡಪ್ಪ, ಧೂಳು," ಎನ್ನಲು ಹೋದಳು. ಹೇಳದೆ ಸೆರಗನ್ನು ಮತ್ತೊಮ್ಮೆ ಬಿಡಿಸಿ ನೋಡಿದಳು.

ಆಕೆಯ ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಒಂದೇ ಒಂದು ನಿಯಮ. ಹಾಲು ಕೆಟ್ಟಿದೆ ಎಂದು ತೋರಿಸಿದರೆ ಮಿಷನ್ನಿಗೆ ಬೈಯುವ ಮೊದಲು ಹಾಲು ಬಂದ ಪಾತ್ರೆಯನ್ನು ಮೂಸಿ ನೋಡಬೇಕು. ಊರಿನ ಪ್ರತಿ ಮನೆಯ ಪಾತ್ರೆಯನ್ನೂ ಮೂಸಿದವಳು ಆಕೆ. ಮಗನ ಹೆಸರಿನ ಡಬ್ಬಿಯಲ್ಲಿದ್ದ ರೋಗ ಎಲ್ಲಿಂದ ಬಂತು ಎಂದು ಈಗ ಬೇರೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಮೂರು ದಿನದಿಂದ ಕೆಮ್ಮುತ್ತಿದ್ದ ಮಗು ಯಾರ ಉಸಿರಿನಲ್ಲಿ ಉಸಿರಿಟ್ಟು ಮಲಗಿತ್ತು ಎಂದೂ ಕೇಳಬೇಕಾಗಿರಲಿಲ್ಲ. ಸಾಲಿನಲ್ಲಿ ನಿಂತವರು ನೋಡುತ್ತಿದ್ದಂತೆ ಹಾಲು ಅಲ್ಲೇ ಬಿಟ್ಟು ಮನೆಯ ಕಡೆ ಹೊರಟಳು.

ಕೀರ್ತನ ಜಗಲಿಯ ಮೇಲೆ ಆಡುತ್ತಿತ್ತು. ಅಜ್ಜಿಯನ್ನು ಕಂಡು ಕೈ ಚಾಚಿ ಓಡಿಬಂತು.

"ಬರ್ಬ್ಯಾಡ! ಅಲ್ಲೇ ನಿಂತ್ಕೊ!" ಎಂದು ದೊಡ್ಡತಾಯಮ್ಮ ಅರಚಿದಳು. ಆ ದನಿಗೆ ಮಗು ಬೆಚ್ಚಿ ಅಳತೊಡಗಿತು. ಪವಿತ್ರ ಒಳಗಿಂದ ಓಡಿಬಂದಳು.

"ಯಾಕತ್ತೆ, ಏನ್ ಮಾಡ್ತು ಮಗು?"

ದೊಡ್ಡತಾಯಮ್ಮ ಅಂಗಳದಲ್ಲೇ, ಹತ್ತು ಮಾರು ದೂರದಲ್ಲಿ, ಬಾಯಿಗೆ ಸೆರಗು ಒತ್ತಿ ನಿಂತಿದ್ದಳು.

"ಪವಿತ್ರಾ, ಶಂಕ್ರಂಗೆ ಏನೂ ಇಲ್ಲ ಕಣಮ್ಮಿ. ಆ ಕಫ ನಂದು. ಚೀಟಿ ಕಿತ್ತು ಬದ್ಲಾಯ್ಸಿ ಅಂಟಿಸ್ದೋಳು ನಾನೇ. ಅವ್ನ ಕೋರ್ಸು ಓಯ್ತದೆ ಅಂತ ಮಾಡ್ದೆ. ನಿನ್ನ ಗಂಡ ಏನೂ ತಪ್ಪು ಮಾಡಿಲ್ಲ. ಅವ್ನ್ ಮ್ಯಾಲೆ ಅನುಮಾನ ಬ್ಯಾಡ."

ಪವಿತ್ರ ಗಂಡನ ಮಾತೆತ್ತಲಿಲ್ಲ, ಕೋರ್ಸಿನ ಮಾತೆತ್ತಲಿಲ್ಲ. ಮಗುವನ್ನು ಬಾಚಿ ಎತ್ತಿಕೊಂಡಳು.

"ಇವಳು ನಿಮ್ಮ ಪಕ್ಕದಲ್ಲಿ ಮಲಗಿದ್ಲು," ಎಂದಳು. "ಕೆಮ್ಮೇನಾದ್ರೂ ಇದ್ಯಾ ಇವಳಿಗೆ?"

"ಮೂರ್ ದಿನದಿಂದ."

"ಮೂರ್ ದಿನ! ಮಾತ್ರೆ ಕೊಡ್ತಿದ್ರಲ್ಲ?"

ದೊಡ್ಡತಾಯಮ್ಮ ತಲೆ ತಗ್ಗಿಸಿದಳು. "ಕೊಡ್ನಿಲ್ಲ ಕಣವ್ವ. ಒಂದೂ ಕೊಡ್ನಿಲ್ಲ."

ಪವಿತ್ರ ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ಆಕೆ ಕಾದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಪವಿತ್ರ ತಿರುಗಿ ಒಳಗೆ ನಡೆದಳು. ಉಗ್ರಾಣದ ಕೋಣೆಯ ಬಾಗಿಲನ್ನು, ಇಪ್ಪತ್ತು ದಿನದಿಂದ ತಾನು ದಾಟದ ಹೊಸ್ತಿಲಿನ ಬಾಗಿಲನ್ನು, ಪೂರ್ತಿ ತಳ್ಳಿ ಮಗುವನ್ನು ಗಂಡನ ತೋಳಿಗೆ ಹಾಕಿದಳು.

"ಎತ್ಕೊಳ್ಳಿ. ನಿಮ್ಗೇನೂ ಇಲ್ವಂತೆ," ಎಂದವಳು ಅಲ್ಲೇ ಕುಸಿದು ಅವನ ಮೊಣಕಾಲಿಗೆ ಹಣೆ ಹಚ್ಚಿ ಅತ್ತಳು.

ಆ ಸಂಜೆಯೇ ಆಟೋ ಮಾಡಿಕೊಂಡು ಕೆ.ಆರ್. ಪೇಟೆಯ ಸರ್ಕಾರಿ ಆಸ್ಪತ್ರೆಗೆ ಹೋದರು. ಕ್ಯಾಂಪು ಮುಂದಿನ ಊರಿಗೆ ಹೋಗಿದ್ದರೂ, ಮುಂಚಿತವಾಗಿ ಫೋನು ಮಾಡಿದ್ದರಿಂದ ಸಹನ, ಡಾಕ್ಟರು ಇಬ್ಬರೂ ಅಲ್ಲಿಗೆ ಬಂದು ಕಾದಿದ್ದರು. ದೊಡ್ಡತಾಯಮ್ಮ ಎಲ್ಲವನ್ನೂ ಮತ್ತೊಮ್ಮೆ ಹೇಳಿದಳು, ಬೂದಿಗೆ ಬಿದ್ದ ಮಾತ್ರೆಯನ್ನೂ ಬಿಡದೆ. ಡಾಕ್ಟರಿಗೆ ಸಿಟ್ಟು ಬಂದದ್ದು ಮುಖದಲ್ಲೇ ಕಾಣುತ್ತಿತ್ತು, ಆದರೆ ಅವರು ಮೊದಲು ಮಗುವನ್ನು ನೋಡಿದರು. ಎಕ್ಸ್‌ರೇ ತೆಗೆದರು, ಕುತ್ತಿಗೆ ಮುಟ್ಟಿ ನೋಡಿದರು, ತೂಕ ಹಾಕಿದರು.

"ಎದೇಲಿ ಏನೂ ಕಾಣ್ತಿಲ್ಲ. ಥಂಡಿ ಕೆಮ್ಮು ಇರಬಹುದು. ಆದ್ರೆ ತಡೆಯೋ ಮಾತ್ರೆ ಇವತ್ತಿಂದ್ಲೇ ಕೊಡ್ಬೇಕು, ಒಂದು ದಿನವೂ ತಪ್ಪೋ ಹಾಗಿಲ್ಲ. ಹದಿನೈದು ದಿನಕ್ಕೊಮ್ಮೆ ಕರ್ಕೊಂಡು ಬನ್ನಿ," ಎಂದರು. ಶಿವಶಂಕರನಿಂದ ಹೊಸದಾಗಿ ಕಫ ತೆಗೆಸಿಕೊಂಡು, ಫಲಿತಾಂಶ ಬರುವವರೆಗೆ ಅವನ ಮಾತ್ರೆ ನಿಲ್ಲಿಸಿದರು. ದೊಡ್ಡತಾಯಮ್ಮನ ಎಕ್ಸ್‌ರೇಯಲ್ಲಿ ಬಲಗಡೆಯ ಮೇಲ್ಭಾಗ ಪೂರ್ತಿ ಬೆಳ್ಳಗಿತ್ತು. ಅದನ್ನು ನೋಡಲು ಆಕೆಗೆ ಕಣ್ಣು ಕಿರಿದು ಮಾಡಬೇಕಾಗಲಿಲ್ಲ.

"ಆರು ತಿಂಗಳ ಮಾತ್ರೆ ಅಮ್ಮ. ಸರಿಯಾಗಿ ತಗೊಂಡ್ರೆ ಪೂರ್ತಿ ವಾಸಿಯಾಗತ್ತೆ," ಎಂದಳು ಸಹನ. ದೊಡ್ಡತಾಯಮ್ಮ ಮಾತ್ರೆಯ ಹಾಳೆಯನ್ನು ತಿರುಗಿಸಿ ನೋಡದೆ ಎರಡೂ ಕೈಯಲ್ಲಿ ತೆಗೆದುಕೊಂಡಳು.

ಶಿವಶಂಕರ್ ಫೋನು ಹಿಡಿದು ಹೊರಗೆ ಹೋಗಿ ರೆಜಿಮೆಂಟಿನವರ ಹತ್ತಿರ ಹಿಂದಿಯಲ್ಲಿ ಬಹಳ ಹೊತ್ತು ಮಾತಾಡಿದ. ಕೋರ್ಸಿಗೆ ಅವನ ಬದಲು ಇನ್ನೊಬ್ಬನ ಹೆಸರು ಆಗಲೇ ಖಾಯಂ ಆಗಿಹೋಗಿತ್ತು.

ವರಾಂಡದ ತುದಿಯ ಬೆಂಚಿನಲ್ಲಿ ಮೂಗು ಬಾಯಿಗೆ ಮಾಸ್ಕು ಕಟ್ಟಿಕೊಂಡು ದೊಡ್ಡತಾಯಮ್ಮ ಒಬ್ಬಳೇ ಕೂತಿದ್ದಳು. ಮಗ ಬಂದು ಒಂದು ಆಳು ದೂರದಲ್ಲಿ ಕೂತ. ಹೆಗಲ ಮೇಲೆ ಕೀರ್ತನ ನಿದ್ದೆ ಹೋಗಿತ್ತು.

"ಯಾಕವ್ವ ಹಿಂಗ್ ಮಾಡ್ದೆ?"

"ನಿಂಗೆ ಅಂಟ್ಕಂಡದೆ ಅಂತ ಗ್ಯಾರಂಟಿ ಮಾಡ್ಕಂಡ್ಬುಟ್ಟೆ ಕಣ್ಲಾ ಮಗ. ನಿನ್ನ ಉಳಿಸ್ಬೇಕು ಅಂತ..."

ಶಿವಶಂಕರನಿಗೆ ಸಿಟ್ಟಿರಲಿಲ್ಲ, ಅದನ್ನೇ ಆಕೆಗೆ ತಡೆಯಲಾಗಲಿಲ್ಲ. ಅವನು ಮಗಳ ಬೆನ್ನು ಸವರುತ್ತ ಬಹಳ ಸಣ್ಣ ದನಿಯಲ್ಲಿ ಹೇಳಿದ:

"ನಂದು ಚೆನ್ನಾಗೇ ಇತ್ತಲ್ಲವ್ವ. ಇದ್ದಂಗೇ ಕೊಟ್ಟಿದ್ರೆ ಸಾಕಾಗಿತ್ತು."